ಫೋಟೊ ಸ್ಟೇಟಸ್‌ಗೆ ಹೋಯಿತು, ಕೆರೆ ಯಾರ ಪಾಲಾಯಿತು?

ಸ್ಟೇಟಸ್‌ಗೆ ಹಾಕಿದ ಫೋಟೊ 24 ಗಂಟೆಯಲ್ಲಿ ಮಾಯ. ಕೆರೆ ಅಂಗಳಕ್ಕೆ ಸುರಿದ ಮಣ್ಣು ಮಾತ್ರ ಅಲ್ಲೇ ಕೂತಿರುತ್ತದೆ. ಒಂದು ಮಳೆಗಾಲ ಕಳೆದರೆ ಅದರ ಮೇಲೆ ರಾಗಿ ಪೈರು, ಇನ್ನೊಂದು ಕಳೆದರೆ ಕಲ್ಲುಕಂಬದ ಬೇಲಿ. ಗ್ರಾಮಸಭೆಯಲ್ಲಿ ಕೇಳಿದರೆ ‘ತಾತನ ಕಾಲದಿಂದಲೂ ಹೀಗೇ ಇದೆ’ ಅನ್ನುತ್ತಾರೆ. ಅಲ್ಲ ಅಂತ ತೋರಿಸಲು ನಮ್ಮ ಕೈಯಲ್ಲಿ ಏನಿದೆ?

ಸುದ್ದಿಗಾಗಿ ಜಿಲ್ಲೆ ಸುತ್ತುವ ನಮ್ಮ ಮೊಬೈಲಿಗೆ ಇಂಥ ಫೋಟೊಗಳು ಬರುತ್ತಲೇ ಇರುತ್ತವೆ. ‘ಸಾರ್, ರಾಜಕಾಲುವೆ ಮುಚ್ಚವ್ರೆ, ಸುದ್ದಿ ಮಾಡಿ.’ ಯಾವ ಕಾಲುವೆ? ಎಲ್ಲಿ? ಯಾವತ್ತು? ಫೋಟೊದಲ್ಲಿ ಕಾಣುವುದು ನಾಲ್ಕು ಗಿಡ, ಒಂದು ಗುಡ್ಡೆ ಮಣ್ಣು. ಜಾಗದ ಗುರುತಿಲ್ಲದ ಫೋಟೊ ಸುದ್ದಿಗೂ ಬಾರದು, ಅರ್ಜಿಗೂ ಬಾರದು.

ನಮ್ಮ ವಾದ ಇಷ್ಟೇ. ಊರಿನ ಸೊತ್ತಿನ ಫೋಟೊ ಊರಿನದೇ ಮ್ಯಾಪಿನಲ್ಲಿ ಇರಬೇಕು. ಕೆರೆ ಏರಿ, ತೂಬು, ಕೋಡಿ, ಗೋಮಾಳ, ಗುಂಡುತೋಪು, ಸ್ಮಶಾನ, ಬಂಡಿದಾರಿ ಒಂದೊಂದಕ್ಕೂ ಒಂದು ಗುರುತು, ಗುರುತಿಗೊಂದು ಫೋಟೊ, ಪಕ್ಕದಲ್ಲಿ ತಾರೀಖು ಮತ್ತು ಸರ್ವೆ ನಂಬರ್.

‘ಮ್ಯಾಪ್ ಮಾಡೋದು ಸರ್ಕಾರದ ಕೆಲಸ ಕಣಯ್ಯ’ ಅನ್ನುವ ಹಿರಿಯರಿದ್ದಾರೆ. ಸರ್ಕಾರ ಮಾಡಿದೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿಯೂ ಇದೆ, ಹಳ್ಳವೂ ಇದೆ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರನ್ನೇ ಹೇಳುತ್ತದೆ. ಆದರೆ ಆ ದಾರಿಗೆ ಇವತ್ತು ಮುಳ್ಳು ಬಡಿದಿದ್ದಾರೆಂದು ನಕಾಶೆ ಹೇಳುವುದಿಲ್ಲ. ಲಂಟಾನದೊಳಗೆ ಹೂತ ತೂಬು ಉಪಗ್ರಹಕ್ಕೂ ಕಾಣುವುದಿಲ್ಲ. ಅದು ಕಾಣುವುದು ದಿನಾ ದನ ಹೊಡೆದುಕೊಂಡು ಹೋಗುವವರಿಗೆ.

‘ಈ ಫೋಟೊ ಕೋರ್ಟಿನಲ್ಲಿ ನಿಲ್ಲುತ್ತಾ?’ ಎಂದು ಇನ್ನು ಕೆಲವರು ಕೇಳುತ್ತಾರೆ. ಗಡಿ ಅಳೆದು ಹೇಳಬೇಕಾದವರು ಸರ್ವೇಯರ್, ಒಪ್ಪುತ್ತೇವೆ. ಆದರೆ ಸರ್ವೇಯರ್ ಬರಬೇಕಾದರೆ ಎಲ್ಲಿಗೆ ಬರಬೇಕೆಂದು ಅರ್ಜಿ ಹೇಳಬೇಕಲ್ಲ? ಊರೊಟ್ಟಿನ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದು ಸುಪ್ರೀಂ ಕೋರ್ಟು 2011ರಲ್ಲೇ, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಎಲ್ಲ ರಾಜ್ಯಗಳಿಗೂ ಹೇಳಿದೆ. ಕಾನೂನು ನಮ್ಮ ಕಡೆಗಿದೆ. ಬೊಟ್ಟು ಮಾಡಿ ತೋರಿಸುವವರು ಬೇಕು.

ಖರ್ಚೇನೂ ಇಲ್ಲ. ಜಿಮೇಲ್ ಇದ್ದರೆ ಗೂಗಲ್ ಮೈ ಮ್ಯಾಪ್ಸ್ ಸಿಗುತ್ತದೆ. ಅದರ ಮೊಬೈಲ್ ಆ್ಯಪ್ 2021ರಲ್ಲಿ ನಿಂತುಹೋಯಿತು. ಹಾಗಾಗಿ ಫೋಟೊ ಮೊಬೈಲಿನಲ್ಲಿ ತೆಗೆದು, ಮ್ಯಾಪಿನ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿದರೆ ಸಲೀಸು. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅದೇ ಸಾಕು. ಜಾಗ ಹುಡುಕಿ ಗುರುತು ಹಾಕಿ, ಪೆನ್ಸಿಲ್ ಚಿತ್ರ ಒತ್ತಿ, ಆಮೇಲೆ ಕ್ಯಾಮೆರಾ ಚಿತ್ರ ಒತ್ತಿ ಫೋಟೊ ಸೇರಿಸಿ. ಒಂದು ಮ್ಯಾಪಿನಲ್ಲಿ 10 ಪದರ ಮಾಡಬಹುದು. ನೀರಿಗೊಂದು, ದಾರಿಗೊಂದು, ಗೋಮಾಳಕ್ಕೊಂದು ಇರಲಿ.

ಮೂರು ಎಚ್ಚರಿಕೆ. ಫೋಟೊ ತೆಗೆಯುವ ಮುಂಚೆ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ. ಆ ಫೋಟೊವನ್ನು ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಜಾಗದ ಮಾಹಿತಿ ಅಳಿಸಿಹೋಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಮಾಡಿ ಕಳಿಸಿ. ಎರಡನೆಯದು, ಲಿಂಕ್ ಹಂಚುವಾಗ ನೋಡುವ ಹಕ್ಕು ಎಲ್ಲರಿಗೂ ಇರಲಿ, ತಿದ್ದುವ ಹಕ್ಕು ನಂಬಿಕೆಯ ನಾಲ್ಕು ಜನಕ್ಕೆ ಮಾತ್ರ. ಇಲ್ಲದಿದ್ದರೆ ಒತ್ತುವರಿ ಮಾಡಿದವರೇ ಬಂದು ಗುರುತು ಅಳಿಸಿಯಾರು. ಮೂರನೆಯದು, ಯಾರ ಮನೆಯಂಗಳವೂ ಬೇಡ, ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಚಿತ್ರವೂ ಬೇಡ, ಒತ್ತುವರಿದಾರರ ಹೆಸರೂ ಬೇಡ. ಸರ್ವೆ ನಂಬರ್ ಬರೆದರೆ ಸಾಕು, ಉಳಿದದ್ದನ್ನು ದಾಖಲೆ ಹೇಳುತ್ತದೆ. ಮ್ಯಾಪ್ ಇರುವುದು ಊರು ಉಳಿಸಲಿಕ್ಕೆ, ಹಳೇ ಜಗಳ ತೀರಿಸಿಕೊಳ್ಳಲಿಕ್ಕಲ್ಲ.

ನಮ್ಮ ಹಳ್ಳಿಯ ಹುಡುಗ ಹುಡುಗಿಯರು ರೀಲ್ಸ್ ಮಾಡಲು ಕೆರೆ ಏರಿಗೆ ಹೇಗೂ ಹೋಗುತ್ತಾರೆ. ಹೋದವರು ಕ್ಯಾಮೆರಾವನ್ನು ಒಂದು ನಿಮಿಷ ತೂಬಿನ ಕಡೆಗೂ ತಿರುಗಿಸಲಿ. ಮಳೆಗೆ ಮುಂಚೆ ಒಂದು ಫೋಟೊ, ಮಳೆ ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಇನ್ನೊಂದು. ಎರಡು ವರ್ಷ ಹೀಗೆ ಮಾಡಿದರೆ, ಕೆರೆ ಎಷ್ಟು ಕರಗಿತೆಂದು ಯಾರೂ ಭಾಷಣ ಮಾಡಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಬರೀ ಬಾಯಿಮಾತು ಹೊತ್ತು ಹೋಗಬೇಡಿ. ಅರ್ಜಿಯ ಜೊತೆ ಮ್ಯಾಪಿನ ಲಿಂಕೂ ಇರಲಿ.