ಕುಸುಬಿಯ ಹಾಲು ಹಿಂಡಿದವರು ಯಾರು?

ಸಸ್ಯಾಹಾರದಿಂದ ಇನ್ನೂ ಒಂದು ಮೆಟ್ಟಿಲು ಮೇಲೇರಿ ಹಾಲು, ಮೊಸರು, ತುಪ್ಪ, ಜೇನುಗಳನ್ನೂ ಬಿಟ್ಟವರಿಗೆ ‘ವೀಗನ್’ ಎಂಬ ಹೆಸರುಂಟು. ಈ ಪಂಥದ ಅಡುಗೆಯ ಬಗೆಗೆ ಈಚೆಗೆ ನಮ್ಮ ನಗರಗಳಲ್ಲಿ ಬಲು ಉತ್ಸಾಹ. ನಾಲ್ಕು ದೇಶಗಳ ಪಾಕಗಳನ್ನು ಕಲೆಹಾಕಿ ಹೊಸ ತಿನಿಸು ಮಾಡಿದ ಮಹಿಳೆಯರಿಗೆ ಶಾಲು ಹೊದಿಸುತ್ತಾರೆ, ಚಿತ್ರ ಅಚ್ಚುಹಾಕುತ್ತಾರೆ. ಹಾಕಲಿ. ಒಲೆಯ ಮುಂದಿನ ದುಡಿಮೆಯೂ ಸನ್ಮಾನಕ್ಕೆ ಪಾತ್ರವೆಂದು ಒಪ್ಪುವ ಕಾಲ ಬಂದದ್ದು ಸಂತೋಷದ ಮಾತೇ. ನನ್ನ ತಕರಾರು ಸನ್ಮಾನದ ಮೇಲಲ್ಲ, ಸನ್ಮಾನಿತರ ಪಟ್ಟಿಯ ಮೇಲೆ. ಆ ಪಟ್ಟಿ ಬೆಂಗಳೂರಿನಲ್ಲಿ ಮೊದಲಾಗಿ ಲಂಡನ್, ನ್ಯೂಯಾರ್ಕುಗಳತ್ತ ಓಡುತ್ತದೆಯೇ ಹೊರತು ರೋಣದ ಕಡೆಗೆ ಹೊರಳಿ ನೋಡುವುದಿಲ್ಲ.

ಬೆಣ್ಣೆಹಳ್ಳ ಮಲಪ್ರಭೆಯನ್ನು ಕೂಡುವ ಮೆಣಸಗಿಯ ಸುತ್ತಿನ ಎರೆಸೀಮೆಯನ್ನು ಬಲ್ಲವರಿಗೆ ಕುಸುಬಿ ಗೊತ್ತು. ಹಿಂಗಾರಿ ಜೋಳದ ಹೊಲಕ್ಕೆ ಅಂಚುಗಟ್ಟಿ ಬಿತ್ತುವ ಮುಳ್ಳಿನ ಬೆಳೆ. ದನಕ್ಕೆ ಬೇಲಿಯೂ ಆಯಿತು, ಗಾಣಕ್ಕೆ ಕಾಳೂ ಆಯಿತು. ಎಳೆಯದಿದ್ದಾಗ ಸೊಪ್ಪು ಪಲ್ಯಕ್ಕೆ. ಆದರೆ ಈ ಕಾಳಿನ ನಿಜವಾದ ಚಮತ್ಕಾರ ಹುಗ್ಗಿಯಲ್ಲಿದೆ. ಕಾಳನ್ನು ನೆನೆಯಿಟ್ಟು, ಒಳ್ಳಿಗೆ ಹಾಕಿ, ನೀರು ಚಿಮುಕಿಸುತ್ತ ರುಬ್ಬಿ, ತೆಳು ಅರಿವೆಯಲ್ಲಿ ಕಟ್ಟಿ ಹಿಂಡಿದರೆ ಹೊಟ್ಟು ಅರಿವೆಯಲ್ಲಿ ಉಳಿದು ಹಾಲು ಕೆಳಗಿಳಿಯುತ್ತದೆ. ನೋಟಕ್ಕೆ ಅಪ್ಪಟ ಹಾಲೇ. ಅದನ್ನು ಒಲೆಯ ಮೇಲಿಟ್ಟು, ತಳ ಹಿಡಿಯದಂತೆ ಕೈಬಿಡದೆ ತಿರುವುತ್ತ, ಕುಟ್ಟಿ ಬೇಯಿಸಿದ ಗೋದಿ, ಬೆಲ್ಲ, ಏಲಕ್ಕಿ, ಒಣಕೊಬ್ಬರಿ ಕೂಡಿಸಿದರೆ ಕುಸುಬಿ ಹುಗ್ಗಿ. ಹೈನಿಲ್ಲದ ಮನೆಯಲ್ಲಿಯೂ ಹಬ್ಬ ಹಬ್ಬವೇ ಆಗಿ ಉಳಿಯಬಲ್ಲದು. ಇಂದು ಪೇಟೆಯ ಅಂಗಡಿಗಳಲ್ಲಿ ಬಾದಾಮಿಯ ಹಾಲು, ಓಟ್ಸಿನ ಹಾಲು ಎಂದು ರಟ್ಟಿನ ಪೆಟ್ಟಿಗೆಯಲ್ಲಿ ಮಾರುವ ವಸ್ತುವಿನ ಹಿಂದೆ ಇರುವ ಯುಕ್ತಿ ಇದೇ ಅಲ್ಲವೆ? ಮುಳ್ಳುಗಿಡದ ಗಟ್ಟಿಕಾಳಿನೊಳಗೆ ಹಾಲಿದೆ ಎಂದು ಊಹಿಸಿ ಹಿಂಡಿ ನೋಡಿದವಳು ನನ್ನ ಎಣಿಕೆಯಲ್ಲಿ ಸಂಶೋಧಕಿ. ಅವಳ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಸೋಜಿಗದ ಇನ್ನೊಂದು ಸಂಗತಿಯನ್ನು ಕೇಳಬೇಕು. ಸಾವಿರಾರು ಮೈಲಿಯಾಚೆ ಇಥಿಯೋಪಿಯದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ವರ್ಷಕ್ಕೆ ಸುಮಾರು 180 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ಮುಟ್ಟದೆ ವ್ರತ ಹಿಡಿಯುತ್ತಾರೆ. ಆ ದಿನಗಳಿಗಾಗಿ ಅಲ್ಲಿಯ ಹೆಂಗಸರು ಇದೇ ಕುಸುಬಿಯನ್ನು ಅರೆದು, ಸೋಸಿ, ಬಿಳಿಯ ರಸ ತೆಗೆದು, ತಮ್ಮ ಹುಳಿದೋಸೆಯಂಥ ಇಂಜೆರಾವನ್ನು ಹರಿದು ಅದರಲ್ಲಿ ಕಲಸುತ್ತಾರೆ. ಅವರ ಭಾಷೆಯಲ್ಲಿ ಕುಸುಬಿಗೆ ‘ಸುಫ್’ ಎಂದು ಹೆಸರು. ರೋಣದ ಅವ್ವನೂ ಅಲ್ಲಿಯ ತಾಯಿಯೂ ಒಬ್ಬರನ್ನೊಬ್ಬರು ಕಂಡವರಲ್ಲ; ಒಂದೇ ಕಾಳು, ಒಂದೇ ಯುಕ್ತಿ. ಒಬ್ಬಳಿಗೆ ವ್ರತ ಹೇಳಿಕೊಟ್ಟದ್ದನ್ನು ಇನ್ನೊಬ್ಬಳಿಗೆ ಬಡತನ ಹೇಳಿಕೊಟ್ಟಿರಬೇಕು.

ಭಿನ್ನ ಸಂಸ್ಕೃತಿಗಳ ಪಾಕವನ್ನು ಬೆಸೆದವರು ಎಂದು ಯಾರನ್ನಾದರೂ ಹೊಗಳುವುದಿದ್ದರೆ ನಮ್ಮ ರೊಟ್ಟಿಯ ತಾಟನ್ನೊಮ್ಮೆ ನೋಡಿ. ಜೋಳದ ಮೂಲ ಆಫ್ರಿಕ. ಗುರೆಳ್ಳು ಅದೇ ಇಥಿಯೋಪಿಯದ ಮಲೆನಾಡಿನದು. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದಿಂದ ಯುರೋಪಿಯನ್ನರ ಹಡಗೇರಿ ಬಂದವು. ತೊಗರಿ ಮಾತ್ರ ನಮ್ಮದೆಂದು ಎದೆತಟ್ಟಿ ಹೇಳಬಹುದು. ಕಾಳುಕಡಿ ಬಂದವು, ನಿಜ. ಅವುಗಳ ಸಂಗಡ ಪಾಕಶಾಸ್ತ್ರವೇನೂ ಬರಲಿಲ್ಲ. ಗುರೆಳ್ಳನ್ನು ಎಷ್ಟು ಹುರಿದರೆ ಕಹಿಯಾಗದು, ಶೇಂಗಾಕ್ಕೆ ಬೆಳ್ಳುಳ್ಳಿ ಎಷ್ಟು, ಅಗಸಿಯ ಲೋಳೆಯನ್ನು ಹುರಿದು ಹೇಗೆ ಅಡಗಿಸುವುದು, ಪುಂಡಿಯ ಹುಳಿಗೆ ಯಾವ ಬೇಳೆ ಜೋಡಿ ಎಂಬುದನ್ನೆಲ್ಲ ಕೆಡಿಸಿ, ತಿದ್ದಿ, ಮತ್ತೆ ಮಾಡಿ ಗೊತ್ತುಪಡಿಸಿದವರು ಈ ಸೀಮೆಯ ಹೆಂಗಸರು. ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಊರಿನ ಹೆಸರು ಸರಕಾರಿ ದಫ್ತರಕ್ಕೇರಿತು. ಆ ಕಾಯಿಂದ ಖಾರ ಕುಟ್ಟಿದವರಿಗೆ ಯಾವ ದಫ್ತರವಿದೆ?

ಇಷ್ಟು ಹೇಳಿದೊಡನೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ‘ಇದೆಲ್ಲ ಪರದೇಶದ ಖಯಾಲಿ, ನಮಗೇಕೆ?’ ಎನ್ನುವವರು ಒಬ್ಬರು. ಅವರಿಗೆ ಕುಸುಬಿ ಹುಗ್ಗಿಯೇ ಉತ್ತರ. ‘ನಮ್ಮ ಹಿರಿಯರು ಎಂದೋ ವೀಗನ್ ಆಗಿದ್ದರು’ ಎಂದು ಮೀಸೆ ತಿರುವುವವರು ಇನ್ನೊಬ್ಬರು. ಇವರು ಹೆಚ್ಚು ಅಪಾಯದವರು, ಏಕೆಂದರೆ ಇವರ ಮಾತು ಕಿವಿಗೆ ಹಿತ. ರೊಟ್ಟಿಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಗಟ್ಟಿಮೊಸರು, ಹೋಳಿಗೆಗೆ ತುಪ್ಪ ಬೇಡವೆಂದ ಹಿರಿಯರನ್ನು ನಾನಂತೂ ಕಾಣೆ. ಹೊಳೆಗೆ ಕೂಡುವ ಹಳ್ಳಕ್ಕೇ ಬೆಣ್ಣೆಯ ಹೆಸರಿಟ್ಟುಕೊಂಡ ನಾಡು ಇದು! ಹಾಲನ್ನು ತತ್ತ್ವವಾಗಿ ತ್ಯಜಿಸಿದವರು 1944ರಲ್ಲಿ ಇಂಗ್ಲೆಂಡಿನಲ್ಲಿ ಸಂಘ ಕಟ್ಟಿದ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು. ಆ ಹೆಸರೂ ಅವರದೇ. ಅವರ ಪಾಲನ್ನು ಅವರಿಗೆ ಕೊಡೋಣ. ನಮ್ಮ ಹೆಂಗಸರಿಗೆ ಇಲ್ಲದ ತತ್ತ್ವವನ್ನು ಅಂಟಿಸಿದರೆ ಅವರ ಜಾಣತನ ಮರೆಯಾಗಿ, ಹೊಗಳಿಕೆಯೆಲ್ಲ ‘ಪರಂಪರೆ’ ಎಂಬ ಹೆಸರಿಲ್ಲದ ಹುಂಡಿಗೆ ಬೀಳುತ್ತದೆ. ಪರಂಪರೆ ಒಲೆ ಊದುವುದಿಲ್ಲ.

ಆ ಸಂಘ ಹುಟ್ಟಿದ ಎರಡೇ ವರ್ಷಕ್ಕೆ, 1946ರಲ್ಲಿ, ಫೇ ಹೆಂಡರ್ಸನ್ ಎಂಬಾಕೆ ವೀಗನ್ ಅಡುಗೆಯ ಪುಸ್ತಕ ಹೊರತಂದಳು. 1965ರಲ್ಲಿ ಅಮೆರಿಕದಲ್ಲಿ ಫ್ರೇಯಾ ದಿನ್‌ಶಾ ಇನ್ನೊಂದನ್ನು ಬರೆದಳು. ತಮಿಳಿನಲ್ಲಿ 1951ರಲ್ಲಿ ಮೀನಾಕ್ಷಿ ಅಮ್ಮಾಳ್, ಮರಾಠಿಯಲ್ಲಿ 1970ರಲ್ಲಿ ಕಮಲಾಬಾಯಿ ಓಗಲೆ ತಂತಮ್ಮ ಮನೆಯಡುಗೆಯನ್ನು ಗ್ರಂಥವಾಗಿಸಿ ಮನೆಮಾತಾದರು. ಹೆಸರು ಉಳಿದದ್ದು ಅಚ್ಚಿನಿಂದ. ಕನ್ನಡಕ್ಕೆ ಪಾಕಶಾಸ್ತ್ರದ ಬಡತನವಿಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ಅಧ್ಯಾಯವಿದೆ, ಮಂಗರಸನದು ‘ಸೂಪಶಾಸ್ತ್ರ’ವೆಂಬ ಇಡೀ ಕಾವ್ಯವೇ ಇದೆ. ಬರೆದ ಮಹನೀಯರು ಯಾರ ಕೈಯಡುಗೆ ಉಂಡು ಬರೆದರೋ!

ಭಾಷೆಯ ಮೇಷ್ಟ್ರಾದ್ದರಿಂದ ಒಂದು ಅಡ್ಡಮಾತು. 2021ರಲ್ಲಿ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರವು ಸಸ್ಯಜನ್ಯ ಪಾನೀಯಗಳನ್ನು ‘ಹಾಲು’ ಎಂದು ಮಾರಕೂಡದೆಂದಿತು. ತೆಂಗಿನ ಹಾಲಿನಂಥ ರೂಢಿಯ ಹೆಸರುಗಳಿಗೆ ವಿನಾಯಿತಿ. ಕುಸುಬಿಯ ಹಾಲು ನಮ್ಮಲ್ಲಿ ರೂಢಿಯಲ್ಲವೆ ಎಂದು ಯಾರೂ ಕೇಳಲಿಲ್ಲ. ಕೇಳುವವರಿಗೆ ತೋರಿಸಲು ನಮ್ಮ ಬಳಿ ಕಾಗದವೂ ಇಲ್ಲ. ಬರೆದಿಡದಿದ್ದರೆ ಆಗುವ ನಷ್ಟ ಬರಿಯ ಮಾನದ್ದಲ್ಲ, ಹಕ್ಕಿನದು. ಗದಗ, ರೋಣ, ಗಜೇಂದ್ರಗಡಗಳ ಕಡೆ ಹೆಂಗಸರು ಸಂಘ ಕಟ್ಟಿಕೊಂಡು ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಅದೇ ಪುಡಿ ದೊಡ್ಡ ಪೇಟೆಯಲ್ಲಿ ಬೇರೆಯವರ ಚೀಟಿ ಹಚ್ಚಿಕೊಂಡು, ವೀಗನ್ ಎಂಬ ಬಿರುದಿನೊಡನೆ ಇಮ್ಮಡಿ ಬೆಲೆಗೆ ಕೂತರೆ ಅವರು ಯಾವ ಆಧಾರದ ಮೇಲೆ ತಮ್ಮ ಪಾಲು ಕೇಳಬೇಕು? ಇತ್ತ ಕುಸುಬಿಯ ಬಿತ್ತನೆಯೇ ಇಳಿಯುತ್ತಿದೆ. ಮುಳ್ಳು ಕೊಯ್ಯುವ ಆಳಿಲ್ಲ, ಪಾಮ್ ಎಣ್ಣೆಯ ಮುಂದೆ ಬೆಲೆಯಿಲ್ಲ, ಹೊಲವೆಲ್ಲ ಕಡಲೆ. ಕಾಳು ಹೋದಮೇಲೆ ಹುಗ್ಗಿ ಮಾಡಬಲ್ಲ ಕೈ ಎಷ್ಟು ದಿನ ಉಳಿದೀತು?

ನಮ್ಮ ಕನ್ನಡ ವಿಭಾಗಗಳಿಗೆ ಇದು ಸೇರದ ಕೆಲಸವೆಂದು ಹೇಳುವವರಿದ್ದಾರೆ. 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಬಂದಾಗ ಬೀಸುವವರ ಬಾಯಲ್ಲಿ ಕಾವ್ಯವಿದೆಯೆಂದು ವಿದ್ವತ್ತು ಒಪ್ಪಿತು. ಬೀಸಿ ಮಾಡಿದ್ದೇನೆಂದು ಮಾತ್ರ ಕೇಳುವುದನ್ನು ಮರೆಯಿತು. 2011ರಿಂದ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವಿದೆ. ಹಾಡು ಸಂಗ್ರಹಿಸುವಾಗ ಹಾಡಿದವರ ಹೆಸರು, ವಯಸ್ಸು, ಊರು ಬರೆದುಕೊಳ್ಳಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ‘ಹಾಡಿದವರು’ ಎಂಬಲ್ಲಿ ‘ಮಾಡಿದವರು’ ಎಂದು ತಿದ್ದಿಕೊಳ್ಳಲು ಹೊಸ ಅನುದಾನ ಬೇಕಿಲ್ಲ. ಅಳತೆ ಕೇಳಿದರೆ ಅವರು ‘ಒಂದು ಬೊಗಸಿ’ ಎಂದಾರು, ಹಾಗೆಯೇ ಬರೆದುಕೊಳ್ಳಬೇಕು. ಕುಸುಬಿ ರಾಶಿಯಾಗುವುದು ಫೆಬ್ರುವರಿ, ಮಾರ್ಚಿನಲ್ಲಿ. ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವುದಾದರೆ ಆಗಲೇ ಕಳಿಸಬೇಕು.