ಸಂತಿ ಊರೊಳಗ ಬರಲಿ, ಆದ್ರ ಸಂತಿಯಾಗಿಯೇ ಬರಲಿ

ರಸ್ತೆ ಬದಿ ಕೂತು ಕಾಯಿಪಲ್ಯ ಮಾರೋರನ್ನ ಊರ ನಡುವಿನ ಮಾರ್ಕೆಟ್ ಕಟ್ಟಡಕ್ಕೆ ಸೇರಿಸಬೇಕು ಅನ್ನೋ ಮಾತು ತೆಲಂಗಾಣದ ಸಣ್ಣ ಪಟ್ಟಣಗಳಲ್ಲಿ ಹೊಸದಲ್ಲ. ಗಜ್ವೇಲ್‌ನಲ್ಲಿ ಕಟ್ಟಿದ ಇಂಟಿಗ್ರೇಟೆಡ್ ಮಾರ್ಕೆಟ್ ತೋರಿಸಿ, ಮುನ್ಸಿಪಾಲಿಟಿಗೊಂದು ವೆಜ್–ನಾನ್‌ವೆಜ್ ಮಾರ್ಕೆಟ್ ಕಟ್ಟೋ ಯೋಜನೆಯನ್ನ ಸರ್ಕಾರ 2021ರ ಹೊತ್ತಿಗೇ ಹಾಕಿಕೊಂಡಿತ್ತು. ನಾರಾಯಣಪೇಟ, ಮಕ್ತಲ್, ಗದ್ವಾಲದ ಕನ್ನಡ ಹುಡುಗರು ಈ ವಿಷಯಕ್ಕ ಕಿವಿ ಕೊಡಬೇಕು. ಬುಟ್ಟಿ ಮುಂದಿಟ್ಟುಕೊಂಡು ಅಲ್ಲಿ ಕೂತಿರೋರು ನಮ್ಮ ಅವ್ವ, ಚಿಕ್ಕವ್ವ, ಸೋದರಮಾವಂದಿರು.

ಮೊದಲೇ ಹೇಳಿಬಿಡ್ತೇವೆ, ನಾವು ಇದಕ್ಕ ವಿರೋಧಿಗಳಲ್ಲ. ಮಕ್ತಲ್ ಮ್ಯಾಲೆ 167ನೇ ರಾಷ್ಟ್ರೀಯ ಹೆದ್ದಾರಿ ಹಾದುಹೋಗ್ತದೆ. ಲಾರಿ ಓಡಾಡೋ ದಾರಿ ಅಂಚಿನಲ್ಲಿ ಚೀಲ ಹಾಸಿ ಕೂರೋದು ಯಾವ ಅವ್ವಗೂ ಖುಷಿಯ ಕೆಲಸ ಅಲ್ಲ. ಮೇ ತಿಂಗಳ ಬಿಸಿಲಿಗೆ ಹತ್ತು ಗಂಟೆಗೇ ಸೊಪ್ಪು ಬಾಡ್ತದೆ. ಹೆಣ್ಣುಮಕ್ಕಳಿಗೆ ಪಾಯಿಖಾನೆ ಇಲ್ಲ, ಕುಡಿಯಾಕ ನೀರಿಲ್ಲ. ಊರ ನಡುವೆ ನೆರಳು, ನೀರು, ಗಟ್ಟಿ ನೆಲ ಸಿಕ್ಕರೆ ಬ್ಯಾಡ ಅನ್ನೋರು ಯಾರು?

ನಮ್ಮ ತಕರಾರು ಇರೋದು ಕಟ್ಟಡದ ಲೆಕ್ಕದೊಳಗೆ. ಸಂತಿ ಅಂದ್ರ ಸಾಲಾಗಿ ನಿಂತ ಅಂಗಡಿಗಳಲ್ಲ. ನಸುಕಿನ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಬರೋ ರೈತ ಹೆಣ್ಣುಮಗಳು ಮೆಂತ್ಯ, ಪುಂಡಿಪಲ್ಯ, ಎರಡು ಕಿಲೋ ಹಸಿಮೆಣಸಿನಕಾಯಿ ತರ್ತಾಳೆ. ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲಿ ಜಾಗ ಸಿಗ್ತದೋ ಅಲ್ಲಿ ಕೂತು, ಮಧ್ಯಾಹ್ನದೊಳಗ ಮಾರಿ, ಬಂದ ರೊಕ್ಕದಾಗ ಎಣ್ಣೆ, ಚಹಾಪುಡಿ ಕೊಂಡು ಹೊಂಟುಬಿಡ್ತಾಳೆ. ಅವಳು ಕೊಡೋದು ಕೂತ ದಿನದ ತೈಬಜಾರಿ ಅಷ್ಟೇ. ಕಟ್ಟಡದ ಮಳಿಗೆಗೆ ಹರಾಜು, ಮುಂಗಡ, ತಿಂಗಳ ಬಾಡಿಗೆ ಇರ್ತದೆ. ವಾರಕ್ಕೊಮ್ಮೆ ಬರೋಳು ತಿಂಗಳ ಬಾಡಿಗೆ ಎಲ್ಲಿಂದ ಕಟ್ಟಬೇಕು? ರೊಕ್ಕ ಇದ್ದವರು ಮಳಿಗೆ ಹಿಡೀತಾರೆ, ಅವಳು ಅವರಿಗೇ ಸಗಟು ರೇಟಿಗೆ ಮಾಲು ಸುರಿದು ವಾಪಸ್ ಬಸ್ ಹತ್ತಬೇಕಾಗ್ತದೆ. ಮಾರ್ಕೆಟ್ ಊರ ನಡುವೆ ಬರ್ತದೆ, ಅವಳು ಮಾತ್ರ ಹೊರಗೇ ಉಳೀತಾಳೆ. ಮಹಡಿ ಮ್ಯಾಲೆ ಜಾಗ ಕೊಟ್ಟರಂತೂ ಮುಗೀತು. ಅರ್ಧ ಕಿಲೋ ಬದನೆಕಾಯಿಗೆ ಮೆಟ್ಟಿಲು ಹತ್ತೋ ಗಿರಾಕಿನ್ನ ನಾವಂತೂ ನೋಡಿಲ್ಲ.

ಕಾನೂನು ಏನು ಹೇಳ್ತದೆ ಅಂತ ತಿಳ್ಕೊಂಡಿರಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸರ್ವೆ ಮಾಡಬೇಕು. ಸರ್ವೆ ಮುಗಿದು ಪ್ರಮಾಣಪತ್ರ ಕೊಡೋ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಜಾಗ ಬದಲಿಸೋದಿದ್ದರೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ಮಂದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳು. 50 ವರ್ಷಕ್ಕೂ ಹಳೆಯ ಸಹಜ ಮಾರುಕಟ್ಟೆಯನ್ನ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿ ಕೂತವರನ್ನ ಕದಲಿಸಬಾರದು ಅನ್ನೋ ಮಾತೂ ಅದರ ಅನುಬಂಧದಲ್ಲಿದೆ.

ಆದ್ರ ಇದೇ ಕಾಯ್ದೆಯೊಳಗೆ ನಮ್ಮವರಿಗೆ ತೊಡಕಾಗೋ ಷರತ್ತೂ ಒಂದಿದೆ. ಪ್ರಮಾಣಪತ್ರ ಬೇಕಂದ್ರ ‘ಬೇರೆ ಜೀವನೋಪಾಯ ಇಲ್ಲ’ ಅಂತ ಬರೆದುಕೊಡಬೇಕು. ಎರಡೆಕರೆ ಹೊಲದಾಗ ಬೆಳೆದದ್ದನ್ನ ತಾನೇ ತಂದು ಮಾರೋಳು ಏನಂತ ಬರೀಬೇಕು? 1999ರಲ್ಲಿ ಶುರುವಾದ ರೈತು ಬಜಾರ್ ರೈತರಿಗೆ, ಬೀದಿ ವ್ಯಾಪಾರದ ಕಾರ್ಡು ವ್ಯಾಪಾರಿಗೆ ಅಂತ ಸರ್ಕಾರ ಎರಡು ಕಡತ ಮಾಡಿದೆ. ಸಂತ್ಯಾಗ ಇಬ್ಬರೂ ಒಂದೇ ಚೀಲದ ಮ್ಯಾಲೆ ಮಗ್ಗಲಾಗ ಕೂತಿರ್ತಾರೆ. ಅದಕ್ಕ ನಮ್ಮ ಬೇಡಿಕೆ ಸ್ಪಷ್ಟ: ಸರ್ವೆ ಸಂತೆ ದಿನವೇ, ನಸುಕಿನಾಗೇ ಆಗಬೇಕು. ನಡುವಿನ ಮಾರ್ಕೆಟ್ಟಿನಲ್ಲಿ ಒಂದು ಭಾಗ ಬಯಲಾಗಿ, ನೆಲಮಟ್ಟದಲ್ಲೇ, ದಿನದ ಶುಲ್ಕಕ್ಕೆ ಕೂರೋರಿಗೆ ಮೀಸಲಿರಬೇಕು. ಅದನ್ನ ಹರಾಜಿಗೆ ಹಾಕಬಾರದು.

ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ಕಥೆ ನೋಡ್ರಿ. 2020ರ ಲಾಕ್‌ಡೌನಿನಲ್ಲಿ ಅಲ್ಲಿನ ಸಗಟು ವ್ಯಾಪಾರವನ್ನ ಬೈಕಂಪಾಡಿ ಎಪಿಎಂಸಿಗೆ ಕಳಿಸಿ, ಹಳೇ ಕಟ್ಟಡ ಕೆಡವಲು ಹೊರಟರು. ವ್ಯಾಪಾರಿಗಳು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. ಅವರಿಗೆ ಸಂಘ ಇತ್ತು, ವಕೀಲರಿದ್ದರು. ಪುಂಡಿಪಲ್ಯ ಮಾರೋ ನಮ್ಮ ಅವ್ವಗ ಯಾರಿದ್ದಾರೆ?

ಇನ್ನು ಗಡಿ ಮಾತು. 1956ರ ನವೆಂಬರ್ 1ರ ತನಕ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಗೆರೆ ಎಳೆದಾದ ಮ್ಯಾಲೂ ಮಂದಿ ಗೆರೆ ದಾಟೋದು ನಿಂತಿಲ್ಲ. ರಾಯಚೂರು, ಗುರುಮಠಕಲ್ ಕಡೆಯ ಹಳ್ಳಿಯವರು ಇತ್ಲಾಗ ಬರ್ತಾರೆ, ನಾವು ಅತ್ಲಾಗ ಹೋಗ್ತೇವೆ. ಸಂತ್ಯಾಗ ಕನ್ನಡ, ತೆಲುಗು, ಉರ್ದು, ಲಂಬಾಣಿ ಎಲ್ಲಾ ನಡೀತದೆ. ರೇಟಿನ ಜಗಳ ಬಿಟ್ಟರೆ ಭಾಷೆಯ ಜಗಳ ಅಲ್ಲಿ ನಾವು ಕಂಡಿಲ್ಲ. ಕಚೇರಿ ಬಾಗಿಲಲ್ಲಿ ಮಾತ್ರ ಭಾಷೆ ಒಂದೇ ಆಗಿಬಿಡ್ತದೆ. ಮಳಿಗೆ ಹಂಚಿಕೆ ನೋಟಿಸು ತೆಲುಗಿನಲ್ಲಷ್ಟೇ ಅಂಟಿಸಿದರೆ ಕನ್ನಡವಷ್ಟೇ ಓದಬಲ್ಲ ಹಿರಿಯರಿಗೆ ಆ 30 ದಿನ ಇದ್ದೂ ಇಲ್ಲದಂಗೆ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಅಹವಾಲು ಕೊಡೋ ಹಕ್ಕು ನಮಗಿದೆ. ಆಕ್ಷೇಪಣೆ ಕನ್ನಡದಲ್ಲೇ ಬರೀರಿ, ಜೊತೆಗೊಂದು ತೆಲುಗು ಪ್ರತಿ ಇಡ್ರಿ. ಹಠಕ್ಕಿಂತ ಕೆಲಸ ಆಗೋದು ಮುಖ್ಯ.

ಈ ವಾರದ ಸಂತಿಗೆ ಫೋನು, ನೋಟ್‌ಬುಕ್ ಹಿಡ್ಕೊಂಡು ಹೋಗ್ರಿ. ಯಾರು ಎಲ್ಲಿ ಕೂರ್ತಾರೆ, ಎಷ್ಟು ವರ್ಷದಿಂದ, ಯಾವ ಊರಿಂದ ಬರ್ತಾರೆ ಕೇಳಿ ಬರ್ಕೊಳ್ಳಿ. ಮೆಪ್ಮಾದವರು ಕೊಟ್ಟ ಗುರುತಿನ ಕಾರ್ಡು, 2020ರ ಸ್ವನಿಧಿ ಸಾಲದ ಕಾಗದ, ತೈಬಜಾರಿ ಚೀಟಿ ಏನಿದ್ದರೂ ಫೋಟೋ ತೆಗೀರಿ. ಆ ಚೀಟಿಗಳನ್ನ ಬಹಳ ಮಂದಿ ಎಲೆ–ಅಡಿಕೆ ಸುತ್ತಿ ಬಿಸಾಕಿಬಿಡ್ತಾರೆ. ಬಿಸಾಕಬ್ಯಾಡವ್ವಾ, ತೆಗೆದಿಡು ಅಂತ ಹೇಳಿ ಬರ್ರಿ.