ಕೆಟ್ಟದ್ದನ್ನೆಲ್ಲ ಬಿಸಾಡಬೇಕೇ?

ಸೈಕಲ್ಲು ಬಡವರ ವಾಹನವೆಂದು ಹಿರಿಯರು ಹೇಳುತ್ತಿದ್ದರು. ಅದಕ್ಕೆ ಕಾರಣ ಬೆಲೆಯೊಂದೇ ಅಲ್ಲ. ಕೆಟ್ಟರೆ ಅದು ಊರಿನಲ್ಲೇ ಸರಿಯಾಗುತ್ತಿತ್ತು. ಪೆನ್ನಾ ನದಿಯ ದಡದ ನಮ್ಮ ರೊದ್ದಂ ಸೀಮೆಯಲ್ಲಿ ಪಾನಾ ಹಿಡಿಯಬಲ್ಲವನೊಬ್ಬನಿದ್ದರೆ ಸಾಕು, ಮರದ ನೆರಳಲ್ಲೇ ಬ್ರೇಕು, ಚೈನು ಎಲ್ಲವೂ ಸರಿಹೋಗುತ್ತಿದ್ದವು. ಈಗ ಗೇರಿನ ಸೈಕಲ್ಲುಗಳು ನಮ್ಮ ಕಡೆಗೂ ಬರತೊಡಗಿವೆ. ಇವು ಕೆಟ್ಟರೆ ಏನು ಗತಿ ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ಯೋಚಿಸಬೇಕೆಂದು ನಮಗೆ ತೋರುತ್ತದೆ.

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಬೆಂಗಳೂರಿನ ಸೋದರಮಾವ ತಾವು ಬಳಸಿದ ರೇಸ್ ಸೈಕಲ್ಲನ್ನು ಕೊಟ್ಟರು. ಎರಡು ವರ್ಷ ಮೂಲೆಯಲ್ಲಿ ನಿಂತಿದ್ದ ಸೈಕಲ್ಲು ಅದು. ಗೇರಿನ ಲಿವರ್ ಒತ್ತಿದರೆ ಸುಮ್ಮನೆ ಆಡುತ್ತಿತ್ತು, ಗೇರು ಮಾತ್ರ ಬದಲಾಗುತ್ತಿರಲಿಲ್ಲ. ಪಟ್ಟಣದ ಅಂಗಡಿಯೊಂದರಲ್ಲಿ, "ಇದು ಹೋಯಿತು, ಹೊಸದನ್ನೇ ಹಾಕಬೇಕು" ಎಂದರು. ಅದರ ಬೆಲೆ ಒಂದು ಸಾಧಾರಣ ಸೈಕಲ್ಲಿನ ಬೆಲೆಯಷ್ಟಿತ್ತು! ಹುಡುಗನ ತಂದೆ ಸೈಕಲ್ಲನ್ನು ಗುಜರಿಗೆ ಹಾಕಲು ಹೊರಟರು.

ಈ ಲಿವರಿನ ಒಳಗುಟ್ಟೇನು? ಹಿಂದೆ ರೇಸ್ ಸೈಕಲ್ಲುಗಳ ಗೇರು ಚೌಕಟ್ಟಿನ ಕೆಳಕಂಬಿಯ ಮೇಲಿರುತ್ತಿತ್ತು. ಅದು ಬರೀ ಒಂದು ಹಿಡಿ, ಒಂದು ತಿರುಪು. ಕೆಡಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಆದರೆ ಗೇರು ಬದಲಿಸಲು ಒಂದು ಕೈಯನ್ನು ಹ್ಯಾಂಡಲ್ಲಿನಿಂದ ತೆಗೆಯಬೇಕಿತ್ತು. 1990ರಲ್ಲಿ ಜಪಾನಿನ ಶಿಮಾನೊ ಕಂಪೆನಿಯೂ, 1992ರಲ್ಲಿ ಇಟಲಿಯ ಕಂಪಾನ್ಯೋಲೊ ಕಂಪೆನಿಯೂ ಬ್ರೇಕು ಮತ್ತು ಗೇರುಗಳನ್ನು ಒಂದೇ ಹಿಡಿಯಲ್ಲಿ ಕೂಡಿಸಿದವು. ಕೈ ಬ್ರೇಕಿನ ಮೇಲಿರುವಂತೆಯೇ ಗೇರು ಬದಲಾಗುವುದು ನಿಜವಾಗಿಯೂ ದೊಡ್ಡ ಅನುಕೂಲ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಪುಟ್ಟ ಜಾಗದೊಳಗೆ ಹಲ್ಲುಚಕ್ರ, ಕೊಕ್ಕೆ, ಸ್ಪ್ರಿಂಗುಗಳೆಲ್ಲ ಗಡಿಯಾರದಂತೆ ಒತ್ತಾಗಿ ಕೂತಿರುತ್ತವೆ.

ಸೈಕಲ್ಲು ಬಹುಕಾಲ ನಿಂತರೆ ಒಳಗಿನ ಗ್ರೀಸ್ ಗಟ್ಟಿಯಾಗುತ್ತದೆ. ಆಗ ಕೊಕ್ಕೆ ಹಲ್ಲಿಗೆ ಬೀಳುವುದಿಲ್ಲ. ನೋಡುವವರಿಗೆ ಲಿವರ್ ಸತ್ತಂತೆಯೇ ಕಾಣುತ್ತದೆ. ನಮ್ಮೂರಿನ ಮೇಸ್ತ್ರಿ ಮಾಡಿದ್ದಿಷ್ಟೆ: ಬ್ರೇಕಿನ ಪಟ್ಟಿಗೂ ಚಕ್ರದ ರಿಮ್ಮಿಗೂ ತಾಗದಂತೆ ಎಚ್ಚರ ವಹಿಸಿ ಲಿವರಿನೊಳಕ್ಕೆ ತೆಳು ಎಣ್ಣೆ ಹೊಡೆದರು, ಹತ್ತಾರು ಬಾರಿ ಒತ್ತಿ ಒತ್ತಿ ಹಳೆಯ ಕೊಳೆಯನ್ನು ಇಳಿಸಿದರು, ಮತ್ತೆ ಹೊಸ ಎಣ್ಣೆ ಬಿಟ್ಟರು. ಸಂಜೆಯ ಹೊತ್ತಿಗೆ "ಟಕ್" ಎಂಬ ಸದ್ದು ಕೇಳಿಸಿತು. ಆ ಹುಡುಗ ಇಂದಿಗೂ ಅದೇ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಿದ್ದಾನೆ.

ಎಲ್ಲ ಲಿವರುಗಳೂ ಹೀಗೆ ಬದುಕುತ್ತವೆಂದು ನಾವು ಹೇಳುವುದಿಲ್ಲ. ಹಲ್ಲು ಸವೆದರೆ, ಸ್ಪ್ರಿಂಗು ಮುರಿದರೆ ಎಣ್ಣೆಯಿಂದ ಪ್ರಯೋಜನವಿಲ್ಲ. ಕಂಪಾನ್ಯೋಲೊ ಕಂಪೆನಿಯ ಹಳೆಯ ಲಿವರುಗಳಿಗೆ ಒಳಗಿನ ಸ್ಪ್ರಿಂಗುಗಳು ಬಿಡಿಯಾಗಿ ದೊರೆಯುತ್ತಿದ್ದವು. ಶಿಮಾನೊ ಲಿವರುಗಳ ಒಳಭಾಗ ಕೆಟ್ಟರೆ ಸಾಮಾನ್ಯವಾಗಿ ಇಡೀ ಲಿವರನ್ನೇ ಬದಲಿಸಬೇಕು. ಇನ್ನು ತಂತಿಯ ಮಾತು. ಅದು ಲಿವರಿನೊಳಗೆ ಬಾಗುವ ಕಡೆ ಎಳೆ ಎಳೆಯಾಗಿ ಹರಿಯುತ್ತದೆ. ಹರಿದ ಎಳೆ ಯಂತ್ರಕ್ಕೆ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಅಲ್ಪ ಬೆಲೆಯ ತಂತಿಯನ್ನು ಹರಿಯುವ ಮೊದಲೇ ಬದಲಿಸಿದರೆ ದುಬಾರಿ ಲಿವರ್ ಉಳಿಯುತ್ತದೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಮಕ್ಕಳು ಸೈಕಲ್ ಸ್ಪರ್ಧೆಗಳಲ್ಲಿ ಹೆಸರು ಗಳಿಸಿದ್ದಾರೆ. ಅಂತಹ ಮನೆಗಳಲ್ಲಿ ಒಂದು ಲಿವರ್ ಕೆಟ್ಟರೆ ಅದು ಒಂದು ಹಂಗಾಮಿನ ಲೆಕ್ಕವನ್ನೇ ಏರುಪೇರು ಮಾಡೀತು. 2022ರಲ್ಲಿ ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ವಿಚಾರಕ್ಕೆ ಸಮಿತಿಯೊಂದನ್ನು ರಚಿಸಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ಮೋಟಾರು ವಾಹನ ಇವು ಅದರ ಗಮನಕ್ಕೆ ಬಂದವು. ಸೈಕಲ್ಲಿಗೂ ಆ ಹಕ್ಕು ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ತಯಾರಕರು ಬಿಡಿ ಭಾಗಗಳನ್ನು ಮಾರಲಿ, ಬಿಚ್ಚುವ ಕ್ರಮವನ್ನು ತಿಳಿಸಲಿ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಸೈಕಲ್ಲು ಕೊಳ್ಳುವಾಗ "ಎಷ್ಟು ಗೇರು?" ಎಂದು ಕೇಳುವ ಮೊದಲು "ಕೆಟ್ಟರೆ ಯಾರು ಸರಿಮಾಡುತ್ತಾರೆ? ಭಾಗ ಎಲ್ಲಿ ಸಿಗುತ್ತದೆ?" ಎಂದು ಕೇಳಿರಿ. ವಿದ್ಯಾರ್ಥಿ ಮಿತ್ರರೇ, ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಮಗೆ ಗೊತ್ತೇ ಇದೆ. ಕೈಗೆ ಗ್ರೀಸ್ ಮೆತ್ತಿಕೊಳ್ಳಲು ನಾಚಬೇಡಿ. ಬಾಳಿಕೆ ಎಂಬುದು ಅರ್ಧ ವಸ್ತುವಿನಲ್ಲಿದೆ; ಇನ್ನರ್ಧ ಅದನ್ನು ಬಳಸುವವರ ಕೈಯಲ್ಲಿದೆ.